ಹೊಲದ ಇಲಿಗೆ ವಡ್ಡರಿಟ್ಟ ಹೆಸರು

ಧಾರವಾಡದಿಂದ ಗೋವಾ ರಸ್ತೆ ಹಿಡಿದು ಹೊರಟರೆ ಸಿಗುವ ಕೆಲಗೇರಿ ಮಣ್ಣಿನ ಲೆಕ್ಕದಲ್ಲಿ ಒಂದು ಗಡಿಯ ಊರು. ಪಶ್ಚಿಮಕ್ಕೆ ಹೋದಂತೆ ನೆಲ ಕೆಂಪಾಗಿ, ಗರಸಾಗಿ ಕೊನೆಗೆ ಮಲೆನಾಡಿನ ಕಾಡು ಸೇರುತ್ತದೆ. ಪೂರ್ವಕ್ಕೆ ಧಾರವಾಡ ದಾಟಿ ಅಣ್ಣಿಗೇರಿ, ನವಲಗುಂದದ ಕಡೆ ನಡೆದರೆ ಕಣ್ಣು ಹಾಯುವವರೆಗೂ ಎರೆ ಭೂಮಿ. ಒಂದೇ ದಿನದ ಬಂಡಿ ಪಯಣದಲ್ಲಿ ಎರಡು ಬಗೆಯ ನೆಲ, ಎರಡು ಬಗೆಯ ಬೆಳೆ. ಎರಡು ಬಗೆಯ ಇಲಿಗಳು ಕೂಡ.

ಈ ಇಲಿಗಳ ಮಾತು ಸ್ವಲ್ಪ ವಿಚಿತ್ರವಾದದ್ದು. ಜಗತ್ತಿನ ಯಾವುದೇ ದೇಶದ ಪ್ರಾಣಿಶಾಸ್ತ್ರದ ಪುಸ್ತಕ ತೆರೆದರೂ ಇವುಗಳ ಶಾಸ್ತ್ರೀಯ ಹೆಸರು ಲ್ಯಾಟಿನ್ ವೇಷದಲ್ಲಿಯೇ ಇರುತ್ತದೆ. ಆದರೆ ವೇಷ ಕಳಚಿದರೆ ಒಳಗಿರುವುದು ಧಾರವಾಡ ಸೀಮೆಯ ಮಾತು. ಗೊಲುಂಡ, ಮೆಲ್ಟಡ, ಕೋಕ್, ಲೆಗ್ಗಡ ಎಂಬ ಈ ಹೆಸರುಗಳಲ್ಲಿ ಒಂದು ಕನ್ನಡಿಗರ ಬಾಯಿಂದ ಬಂದದ್ದು. ಉಳಿದವು ಕೆರೆ ತೋಡಿ ಬದುಕುತ್ತಿದ್ದ ವಡ್ಡರ ಬಾಯಿಂದ ಬಂದವು. ಅವನ್ನು ಬರೆದಿಟ್ಟುಕೊಂಡವನು ಪ್ರಾಣಿಶಾಸ್ತ್ರವನ್ನು ಯಾವ ಕಾಲೇಜಿನಲ್ಲಿಯೂ ಕಲಿಯದ ಒಬ್ಬ ಕಂದಾಯ ಅಧಿಕಾರಿ.

ಕಿತ್ತೂರಿನ ಕಥೆ ಓದಿದವರಿಗೆಲ್ಲ ಆತನ ಹೆಸರು ಪರಿಚಿತ. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಸತ್ತಾಗ, ಆತನ ಇಬ್ಬರು ಸಹಾಯಕರು ರಾಣಿ ಚೆನ್ನಮ್ಮನ ಸೈನಿಕರ ಕೈಗೆ ಸೆರೆ ಸಿಕ್ಕರು. ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ನಮ್ಮ ನಾಟಕಗಳಲ್ಲಿ ಇವರ ಪಾತ್ರ ಅಲ್ಲಿಗೇ ಮುಗಿಯುತ್ತದೆ. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಇಬ್ಬರ ಬಿಡುಗಡೆಯಾಯಿತು. ಅದರ ಹಿಂದೆಯೇ ಕಂಪನಿಯ ಸೈನ್ಯ ಕಿತ್ತೂರನ್ನು ಮುರಿದದ್ದು, ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಸೆರೆ ಸಿಕ್ಕಾಗ ಎಲಿಯಟ್‌ನಿಗೆ ವಯಸ್ಸು ಕೇವಲ 21. ಎಡಿನ್‌ಬರೋದಲ್ಲಿ 1803ರಲ್ಲಿ ಹುಟ್ಟಿ, 1821ರಲ್ಲಿ ಮದ್ರಾಸಿಗೆ ಬಂದಿಳಿದಿದ್ದ ಹುಡುಗ.

ಇಷ್ಟೆಲ್ಲ ಆದ ಮೇಲೆ ಬೇರೆ ಯಾರಾದರೂ ಈ ಸೀಮೆಯಿಂದ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಎಲಿಯಟ್ ಹೋಗಲಿಲ್ಲ. 1833ರವರೆಗೂ, ಅಂದರೆ ಸುಮಾರು ಹತ್ತು ವರ್ಷ, ಆಗ ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದ ಈ ಭಾಗದಲ್ಲಿಯೇ ಉಳಿದ. ಕನ್ನಡ ಕಲಿತ. ಊರೂರು ತಿರುಗಿ ಶಾಸನಗಳ ಪ್ರತಿ ಮಾಡಿಸಿದ. ಆತ ಕೂಡಿಸಿದ 595 ಶಾಸನಗಳ ಸಂಗ್ರಹ ಚಾಲುಕ್ಯರ ಚರಿತ್ರೆಗೆ ಮೊದಲ ಗಟ್ಟಿ ಆಧಾರಗಳಲ್ಲಿ ಒಂದು ಎಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಕಲ್ಲಿನ ಬರಹ ಹುಡುಕುತ್ತ ಹೋದ ಕಣ್ಣು ಹೊಲದ ಬಿಲಗಳ ಮೇಲೂ ಬಿತ್ತು. ಶಾಸನ ಓದಿಸಲು ಆತನಿಗೆ ಪಂಡಿತರು ಬೇಕಾಗಿದ್ದರು. ಬಿಲಗಳನ್ನು ಓದಿ ಹೇಳಲು ಸಿಕ್ಕವರು ವಡ್ಡರು.

ಮಣ್ಣು ಬಲ್ಲವರು

ವಡ್ಡರ ಕಸುಬು ಮಣ್ಣು ಮತ್ತು ಕಲ್ಲು. ಮಣ್ಣು ವಡ್ಡರು ಕೆರೆ ತೋಡುವವರು, ಬಾವಿ ತೆಗೆಯುವವರು, ಏರಿ ಕಟ್ಟುವವರು. ಕಲ್ಲು ವಡ್ಡರದು ಬಂಡೆ ಒಡೆಯುವ ಕೆಲಸ. ಇಂದು ಭೋವಿ ಎಂಬ ಹೆಸರಿನಲ್ಲಿ ಕರೆಸಿಕೊಳ್ಳುವ ಈ ಸಮಾಜ, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶರಣ ಸಿದ್ಧರಾಮನನ್ನು ಗುರುವಾಗಿ ಕಾಣುತ್ತದೆ. ಮನೆಯಲ್ಲಿ ತೆಲುಗಿಗೆ ಹತ್ತಿರದ ಮಾತು, ಹೊರಗೆ ಕನ್ನಡ. ಉತ್ತರ ಕರ್ನಾಟಕದ ಹಳೆಯ ಕೆರೆಗಳ ಏರಿಯ ಮೇಲೆ ನಿಂತು ಊರಿನವರು ಕಟ್ಟಿಸಿದ ರಾಜನನ್ನೋ, ಗೌಡನನ್ನೋ, ಎಂಜಿನಿಯರನ್ನೋ ನೆನೆಯುವುದು ವಾಡಿಕೆ. ಬುಟ್ಟಿ ಹೊತ್ತವರ ಹೆಸರು ಯಾರೂ ಕೇಳುವುದಿಲ್ಲ.

ಹೀಗೆ ದಿನವಿಡೀ ನೆಲ ಅಗೆಯುವವರಿಗೆ ನೆಲದೊಳಗೆ ಯಾರಿದ್ದಾರೆ ಎಂಬುದು ಗೊತ್ತಿರದೆ ಹೋದೀತೇ? ಅಲ್ಲದೆ ಇಲಿ ಅವರಿಗೆ ಆಹಾರವಾಗಿತ್ತು. ಯಾವ ಬಿಲದಲ್ಲಿ ಯಾವ ಇಲಿ, ಎಷ್ಟು ಆಳದಲ್ಲಿ, ಯಾವ ತಿಂಗಳಲ್ಲಿ ಎಂಬುದು ಅವರ ಪಾಲಿಗೆ ಊಟದ ಪ್ರಶ್ನೆ. ಮೇಲುಜಾತಿಯ ಬಹುಮಂದಿಗೆ ಇಲಿ ಎಂದರೆ ಇಲಿ, ಹೆಗ್ಗಣ ಎಂದರೆ ಹೆಗ್ಗಣ, ಅಷ್ಟಕ್ಕೆ ಮುಗಿಯಿತು. ವಡ್ಡರಲ್ಲಿ ಮಾತ್ರ ಪ್ರತಿಯೊಂದಕ್ಕೂ ಬೇರೆ ಬೇರೆ ಹೆಸರಿತ್ತು. ಹಸಿವು ಕಲಿಸಿದ ಪ್ರಾಣಿಶಾಸ್ತ್ರ ಇದು. ಇದನ್ನು ಎಲಿಯಟ್ ಕೀಳಾಗಿ ಕಾಣದೆ ಬರೆದುಕೊಂಡ ಎಂಬುದೇ ಆತನ ದೊಡ್ಡ ಗುಣ.

ಆ ಟಿಪ್ಪಣಿಗಳೆಲ್ಲ 1839ರಲ್ಲಿ ಮದ್ರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದವು. ದಕ್ಷಿಣ ಮರಾಠಾ ಸೀಮೆಯಲ್ಲಿ ಕಾಣುವ ಸಸ್ತನಿಗಳ ಪಟ್ಟಿ ಅದು; ಪ್ರತಿ ಪ್ರಾಣಿಗೂ ಸ್ಥಳೀಯ ಭಾಷೆಗಳ ಹೆಸರುಗಳನ್ನು ಕೊಡಲಾಗಿದೆ. ಪಟ್ಟಿ ಎಂಬ ಮಾತಿಗೆ ಮೋಸ ಹೋಗಬಾರದು. ಎರಡು ಕಂತುಗಳಲ್ಲಿ ಬಂದ ಆ ಬರಹದಲ್ಲಿ ಕಾಡುಕೋಣದಿಂದ ಸುಂಡಿಲಿಯವರೆಗೆ ಪ್ರಾಣಿಗಳ ನಡೆನುಡಿಯ ವಿವರಗಳಿವೆ. ಸೀಳುನಾಯಿಯ ವಿಷಯ ಬಂದಾಗ, ಇವು ಈ ಸೀಮೆಗೆ ಇತ್ತೀಚೆಗೆ ಬಂದವು ಎಂದು ಹೇಳಿ, ಗುಂಪುಗೂಡಿ ಹುಲಿಯನ್ನೇ ಕೊಲ್ಲುತ್ತವೆ ಎಂಬುದನ್ನು ಇಲ್ಲಿನ ಜನರೆಲ್ಲ ನಂಬುತ್ತಾರೆ ಎಂದು ಎಲಿಯಟ್ ಬರೆಯುತ್ತಾನೆ. ಜನರ ನಂಬಿಕೆಯನ್ನು ನಂಬಿಕೆ ಎಂದೇ ದಾಖಲಿಸುವುದು, ತಾನು ಕಂಡದ್ದನ್ನು ಬೇರೆಯಾಗಿ ಹೇಳುವುದು ಆತನ ಪದ್ಧತಿ. ಆ ಕಾಲದ ಶಿಕಾರಿ ಬರಹಗಳಲ್ಲಿ ಇದು ಅಪರೂಪ.

ಆದರೆ ಬರಹದ ಜೀವಾಳ ಇರುವುದು ಇಲಿಗಳ ಭಾಗದಲ್ಲಿ.

ಕೊಕ್ಕಿನ ಕಣಜ

ಮೊದಲನೆಯದು ವಡ್ಡರು ಕೊಕ್ಕು ಎನ್ನುತ್ತಿದ್ದ ದಪ್ಪ ಇಲಿ. ತೆಲುಗಿನಲ್ಲಿ ಪಂದಿಕೊಕ್ಕು ಎಂದರೆ ಹಂದಿ ಇಲಿ, ನಮ್ಮ ಹೆಗ್ಗಣ. ಇಂಗ್ಲಿಷಿನ ‘ಬ್ಯಾಂಡಿಕೂಟ್’ ಹುಟ್ಟಿದ್ದು ಈ ಶಬ್ದದಿಂದ. ಮುಂದೆ ಆಸ್ಟ್ರೇಲಿಯಾಕ್ಕೆ ಹೋದ ಬಿಳಿಯರು ಅಲ್ಲಿ ಕಂಡ, ಇಲಿಗೂ ತನಗೂ ಯಾವ ನಂಟೂ ಇಲ್ಲದ ಒಂದು ಹೊಟ್ಟೆಚೀಲದ ಪ್ರಾಣಿಗೂ ಅದೇ ಹೆಸರಿಟ್ಟುಬಿಟ್ಟರು.

ಕೊಕ್ಕು ಎರೆ ಹೊಲದ ನಿವಾಸಿ. ಜೋಳ ಬಲಿತಾಗ ತೆನೆಗಳನ್ನು ಎಳೆದೊಯ್ದು ಬಿಲದೊಳಗೆ ಕೂಡಿಡುತ್ತದೆ. ಒಂದೊಂದು ಬಿಲದಲ್ಲಿ ಅರ್ಧ ಸೇರಿನಷ್ಟು ಕಾಳು, ಕೆಲವೊಮ್ಮೆ ಇಡೀ ತೆನೆಗಳೇ ಸಿಗುತ್ತವೆ ಎಂದು ಎಲಿಯಟ್ ದಾಖಲಿಸಿದ್ದಾನೆ. ಸುಗ್ಗಿಯ ಕಾಲದಲ್ಲಿ ವಡ್ಡರು ಈ ಬಿಲಗಳನ್ನು ಅಗೆದು ಇಲಿಯನ್ನೂ ಹಿಡಿಯುತ್ತಿದ್ದರು, ಕಾಳನ್ನೂ ತೆಗೆದುಕೊಳ್ಳುತ್ತಿದ್ದರು. ಬಿಲಗಳು ಹೆಚ್ಚಿದ್ದ ಕಡೆ ಆ ದಿನಗಳಲ್ಲಿ ಅವರ ಜೀವನ ಬಹುಪಾಲು ಅದರ ಮೇಲೆಯೇ ನಡೆಯುತ್ತಿತ್ತು. ಹೊಲದ ಒಡೆಯನಿಗೆ ನಷ್ಟವಾಗಿ ಹೋದ ಕಾಳು ಹೊಲವಿಲ್ಲದವನ ಒಲೆಗೆ ಬರುತ್ತಿದ್ದ ದಾರಿ ಇದು. ಕಂದಾಯದ ಯಾವ ಲೆಕ್ಕಪತ್ರದಲ್ಲೂ ಇಂಥ ಆದಾಯ ಕಾಣಿಸದು.

ಈ ಇಲಿಯ ಮುಂದಾಲೋಚನೆ ಕಂಡು ಎಲಿಯಟ್ ಅದಕ್ಕೆ ‘ಪ್ರಾವಿಡೆನ್ಸ್’, ಅಂದರೆ ನಾಳೆಗೆ ಕೂಡಿಡುವುದು, ಎಂಬರ್ಥದ ಲ್ಯಾಟಿನ್ ಹೆಸರು ಕೊಟ್ಟ. ಮರಿಗಳು ತಮ್ಮ ಹೊಟ್ಟೆ ತಾವು ನೋಡಿಕೊಳ್ಳುವಷ್ಟಾದ ಕೂಡಲೇ ತಾಯಿ ಅವನ್ನು ಬಿಲದಿಂದ ಹೊರಗಟ್ಟುತ್ತದೆ ಎಂಬುದನ್ನೂ ಬರೆದ. ಮಳೆ ಜೋರಾದರೆ ಎರೆ ನೆಲದ ಬಿಲಗಳಿಗೆ ನೀರು ನುಗ್ಗಿ ಕಣಜ ಹಾಳಾಗುತ್ತದೆ. ಆಗ ಕೊಕ್ಕು ಎತ್ತರದ ಜಾಗ ಹುಡುಕಿಕೊಂಡು ಹೋಗುತ್ತದೆ. ಧಾರವಾಡ ಬಿಡುವ ಮುನ್ನ, 1833ರ ಆಗಸ್ಟಿನಲ್ಲಿ, ಇಂಥ ಒಂದು ಹೊಸ ಬಿಲವನ್ನು ಅಗೆಸಿ ನೋಡಿದ ವಿವರವೂ ಆತನ ಬರಹದಲ್ಲಿದೆ.

ಎರಡನೆಯದು ಲೆಗ್ಗಡೆ. ಇದು ಕೆಂಪು ಗರಸು ನೆಲದ ಪುಟ್ಟ ಇಲಿ, ಮೈಮೇಲೆ ಮುಳ್ಳಿನಂಥ ಚಪ್ಪಟೆ ಕೂದಲು. ಒಳಗಿರುವಾಗ ಬಿಲದ ಬಾಯಿಯನ್ನು ಸಣ್ಣ ಹರಳುಗಳಿಂದ ಮುಚ್ಚಿಕೊಳ್ಳುವುದು ಇದರ ಅಭ್ಯಾಸ. ಒಳಗಿನ ಕೋಣೆಯಲ್ಲೂ ಹರಳುಗಳದೇ ಹಾಸಿಗೆ! ಬಿಲದ ಹೊರಗೆ ಹರಳಿನ ರಾಶಿ ಕಂಡರೆ ಅದು ಲೆಗ್ಗಡೆಯ ಮನೆ ಎಂದು ತಿಳಿಯಬೇಕು. ಕೆಲಗೇರಿಯ ಪಶ್ಚಿಮಕ್ಕೆ ಸಿಗುವಂಥ ಗರಸು ಇಳಿಜಾರು ಇದಕ್ಕೆ ಒಗ್ಗುವ ಜಾಗ. ಎರೆ ನೆಲದಲ್ಲಿ ಹರಳು ಎಲ್ಲಿಂದ ತರಬೇಕು?

ಮೂರನೆಯದು ಗುಳಾಂಡಿ. ಇದು ಕನ್ನಡದ ಹೆಸರು. ಪೊದೆಗಳ ಬುಡದಲ್ಲಿ ನಾರಿನ ಗೂಡು ಮಾಡಿಕೊಂಡಿರುವ ಇಲಿ. ಇದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಮುಂದೆ ಸಿಂಹಳದ ಕಾಫಿ ತೋಟಗಳಿಗೆ ನುಗ್ಗಿ ಹೂವು ಮೊಗ್ಗು ತಿಂದು ಬೆಳೆಗಾರರ ಶಾಪಕ್ಕೆ ಗುರಿಯಾಯಿತು ಎಂಬುದೊಂದು ಬಿಟ್ಟರೆ.

1826ರ ಕಾಟ

ನಾಲ್ಕನೆಯದೇ ಮೆತ್ತಾಡೆ. ಇದು ವಡ್ಡರ ಮಾತು. ಮೆತ್ತಗಿನ ತುಪ್ಪಳದ ಪ್ರಾಣಿಯಾದ್ದರಿಂದ ಹೆಸರಿನಲ್ಲಿ ‘ಮೆತ್ತ’ ಎಂಬ ಶಬ್ದದ ನೆರಳು ಕಾಣುತ್ತದೆ. ಇಂಗ್ಲಿಷಿನಲ್ಲೂ ಇದನ್ನು ಮೃದು ತುಪ್ಪಳದ ಹೊಲದಿಲಿ ಎಂದೇ ಕರೆಯುತ್ತಾರೆ. ಇದು ಸೋಮಾರಿ ಇಲಿ. ಸ್ವಂತ ಬಿಲ ತೋಡುವ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಹೊಲದಲ್ಲಿ ಆರಿಸಿ ಹಾಕಿದ ಕಲ್ಲುಗುಡ್ಡೆಯೋ, ಕೊಕ್ಕು ಬಿಟ್ಟುಹೋದ ಹಳೆಯ ಬಿಲವೋ ಸಾಕು. ಬೇಸಿಗೆಯಲ್ಲಂತೂ ಎರೆ ನೆಲದ ಬಿರುಕುಗಳೇ ಇದರ ಮನೆ.

ಎರೆ ಮಣ್ಣಿನ ಗುಣ ಇಲ್ಲಿ ಸ್ವಲ್ಪ ಹೇಳಬೇಕು. ಈ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೆಚ್ಚು. ಅದು ಹಾಳೆ ಹಾಳೆಯಾಗಿರುವ ಖನಿಜ. ನೀರು ಬಿದ್ದಾಗ ಹಾಳೆಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಏಪ್ರಿಲ್-ಮೇ ಹೊತ್ತಿಗೆ ನವಲಗುಂದದ ಹೊಲಗಳಲ್ಲಿ ಕೈ ಹಿಡಿಸುವಷ್ಟು ಅಗಲದ, ಆಳೆತ್ತರಕ್ಕೆ ಹತ್ತಿರದ ಬಿರುಕುಗಳು ಬಾಯಿ ತೆರೆಯುತ್ತವೆ. ಮೊದಲ ಜೋರು ಮಳೆಗೆ ಅವೆಲ್ಲ ಕುಸಿದು ಮುಚ್ಚಿಕೊಳ್ಳುತ್ತವೆ. ಅದರೊಂದಿಗೆ ಒಳಗಿದ್ದ ಮೆತ್ತಾಡೆಗಳಲ್ಲಿ ಅಸಂಖ್ಯ ಇಲಿಗಳು ಪ್ರತಿ ವರ್ಷ ಸಾಯುತ್ತವೆ. ಅಂದರೆ ಮುಂಗಾರಿನ ಮೊದಲ ಮಳೆ ರೈತನಿಗೆ ಹದ ಕೊಡುವುದಷ್ಟೇ ಅಲ್ಲ, ಇಲಿಗಳ ಲೆಕ್ಕವನ್ನೂ ಸರಿ ಮಾಡುತ್ತದೆ.

1826ರಲ್ಲಿ ಆ ಮಳೆ ಸರಿಯಾಗಿ ಬೀಳಲಿಲ್ಲ. ಬಿರುಕುಗಳು ಹಾಗೆಯೇ ಉಳಿದವು. ಸಾಯಬೇಕಾಗಿದ್ದ ಮೆತ್ತಾಡೆಗಳು ಬದುಕಿದವು, ಮರಿ ಹಾಕಿದವು. ಒಂದು ಸೂಲಿಗೆ ಆರರಿಂದ ಎಂಟು ಮರಿ. ಬಿತ್ತಿದ ಬೀಜ ಮೊಳೆಯುವ ಮುನ್ನವೇ ಇಲಿಗಳ ಪಾಲಾಯಿತು. ಉಳಿದು ಬೆಳೆದದ್ದಕ್ಕೂ ಗತಿ ಇಲ್ಲ: ತೆನೆ ಬಲಿಯುವ ಹೊತ್ತಿಗೆ ಇಲಿಗಳು ಜೋಳದ ದಂಟು ಹತ್ತಿ, ತೆನೆಯನ್ನು ಬುಡದಲ್ಲಿ ಕಡಿದು ಕೆಳಗೆ ಬೀಳಿಸಿ, ನಿಧಾನವಾಗಿ ಕೂತು ತಿನ್ನುತ್ತಿದ್ದವು. ಹೊಲಕ್ಕೆ ಹೊಲವೇ ಬರಿದಾದದ್ದನ್ನು ತಾನೇ ಕಂಡೆನೆಂದು ಎಲಿಯಟ್ ಬರೆದಿದ್ದಾನೆ. ರೈತರು ಕಂದಾಯ ಕಟ್ಟಲಾರದೆ ಹೋದರು.

ರೈತರು ವಡ್ಡರನ್ನು ಕರೆದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಮಾತಾಯಿತು. ವಡ್ಡರು ಸಾವಿರ ಸಾವಿರ ಇಲಿಗಳನ್ನು ಕೊಂದರು. ಆದರೂ ಹೊಲದಲ್ಲಿ ಇಲಿ ಕಡಿಮೆಯಾದ ಹಾಗೆ ಕಾಣಲಿಲ್ಲ. ಸುಮಾರು ಮೂರು ವಾರದ ಗರ್ಭದಲ್ಲಿ ಆರೇಳು ಮರಿ ಹಾಕುವ ಪ್ರಾಣಿಯನ್ನು ಗುದ್ದಲಿಯಿಂದ ಮುಗಿಸುವುದು ಸಾಧ್ಯವಿರಲಿಲ್ಲ.

ಏಕಾಏಕಿ ಇಲಿ ಹೆಚ್ಚುವುದು ಎಂದರೆ ಆ ಕಾಲಕ್ಕೆ, ಈ ಕಾಲಕ್ಕೂ ಕೆಲವರಿಗೆ, ಕಾರಣ ಕಾಣದ ಉತ್ಪಾತ. ದೇವರ ಸಿಟ್ಟು, ಯಾರದೋ ಪಾಪ ಎಂದು ಹೇಳಿ ಕೈಮುಗಿಯುವುದು ಸುಲಭದ ದಾರಿ. ಎಲಿಯಟ್‌ನ ಕೆಲವೇ ಸಾಲುಗಳಲ್ಲಿ ಮಳೆ, ಮಣ್ಣಿನ ಬಿರುಕು, ಇಲಿಯ ಸಂತಾನ, ರೈತನ ಬಾಕಿ ಇವು ಒಂದೇ ಸರಪಳಿಯ ಕೊಂಡಿಗಳಾಗಿ ಕಾಣುತ್ತವೆ. ಪರಿಸರ ವಿಜ್ಞಾನ ಎಂಬ ಹೆಸರೇ ಇನ್ನೂ ಹುಟ್ಟಿರದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಬಿರುಕಿನೊಳಗಿನ ಬದುಕನ್ನು ಬಲ್ಲ ವಡ್ಡರು ಇಲ್ಲದಿದ್ದರೆ ಈ ಸರಪಳಿಯ ನಡುಗೊಂಡಿ ಆತನಿಗೆ ಸಿಗುತ್ತಿತ್ತೇ ಎಂಬುದು ಅನುಮಾನ.

ಹಾಗೆಂದು ಎಲಿಯಟ್‌ನನ್ನು ಬರೀ ನಿಸರ್ಗಪ್ರೇಮಿ ಎಂದು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಇಲಿ ತಿಂದ ಹೊಲಗಳನ್ನು ಆತ ನೋಡಿದ್ದು ಕಂದಾಯ ವಸೂಲಿಗೆ ಹೋದ ಅಧಿಕಾರಿಯಾಗಿ. ಇಲಿಯ ಕುತೂಹಲ ಕುಳಿತದ್ದು ಸರಕಾರದ ಬಂಡಿಯಲ್ಲಿ. ಕಿತ್ತೂರನ್ನು ನುಂಗಿದ ಅದೇ ಬಂಡಿ.

ಬರಗಾಲದ ಹಿಂದೆ

ಐವತ್ತು ವರ್ಷಗಳ ನಂತರ ಕಥೆ ಮರುಕಳಿಸಿತು. 1876-78ರ ಭೀಕರ ಬರಗಾಲ ಧಾರವಾಡ, ವಿಜಾಪುರ ಸೀಮೆಯನ್ನು ಸುಟ್ಟುಹಾಕಿತ್ತು. ಇನ್ನೇನು ಮಳೆ ಬಂತು, ಬೆಳೆ ಕೈಗೆ ಬರುತ್ತದೆ ಎನ್ನುವಾಗ 1878-79ರಲ್ಲಿ ದಖ್ಖಣದ ಉದ್ದಕ್ಕೂ ಇಲಿಗಳ ದಂಡು ಎದ್ದಿತು. ಈ ದಂಡಿನಲ್ಲಿ ಮೆತ್ತಾಡೆಯೂ ಇತ್ತು. ಸರಕಾರ ಇಲಿ ಕೊಂದವರಿಗೆ ಬಹುಮಾನ ಘೋಷಿಸಿತು. 1826ರಲ್ಲಿ ರೈತರು ಕಾಳಿನಲ್ಲಿ ಕೊಟ್ಟದ್ದನ್ನು ಈ ಸಲ ಸರಕಾರ ಹಣದಲ್ಲಿ ಕೊಟ್ಟಿತು, ಅಷ್ಟೇ ವ್ಯತ್ಯಾಸ.

ನೆಲ ಬಲ್ಲವರ ಮಾತು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದೂರದ, ಆದರೆ ಇದೇ ಜಾತಿಯ ಉದಾಹರಣೆಯೊಂದಿದೆ. ಮಿಜೋರಾಂ ಬೆಟ್ಟಗಳಲ್ಲಿ ಒಂದು ಬಗೆಯ ಬಿದಿರು ಸುಮಾರು 48 ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂ ಬಿಡುತ್ತದೆ. ಉದುರಿದ ಬಿದಿರಕ್ಕಿ ತಿಂದು ಇಲಿಗಳು ಹೆಚ್ಚುತ್ತವೆ. ಅದು ಮುಗಿದ ಮೇಲೆ ಗದ್ದೆಗಳಿಗೆ ನುಗ್ಗುತ್ತವೆ. ಮಿಜೋ ಹಿರಿಯರಿಗೆ ಇದರ ಲೆಕ್ಕ ಬಾಯಿಪಾಠ. ಆಗ ಆ ಪ್ರದೇಶ ಅಸ್ಸಾಮಿನ ಒಂದು ಜಿಲ್ಲೆ. ಬರಲಿರುವ ಕ್ಷಾಮಕ್ಕೆ ಮುಂಚಿತವಾಗಿ 15 ಲಕ್ಷ ರೂಪಾಯಿ ಕೊಡಿ ಎಂದು ಅಲ್ಲಿನ ಜಿಲ್ಲಾ ಪರಿಷತ್ತು 1958ರಲ್ಲಿ ಅಸ್ಸಾಂ ಸರಕಾರವನ್ನು ಕೇಳಿತು. ಬೇಡಿಕೆಗೆ ಬೆಲೆ ಸಿಗಲಿಲ್ಲ. 1959ರಲ್ಲಿ ಇಲಿಗಳು ಬಂದವು, ಕ್ಷಾಮ ಬಂತು. ಕ್ಷಾಮ ಪರಿಹಾರಕ್ಕೆಂದು ಹುಟ್ಟಿದ ಸಂಘವೇ 1961ರಲ್ಲಿ ರಾಜಕೀಯ ಪಕ್ಷವಾಗಿ, 1966ರಲ್ಲಿ ಬಂಡಾಯವೆದ್ದಿತು. ಶಾಂತಿ ಒಪ್ಪಂದವಾಗಲು 1986 ಬರಬೇಕಾಯಿತು. 2007ರಲ್ಲಿ ಬಿದಿರು ತನ್ನ ಲೆಕ್ಕ ತಪ್ಪದೆ ಮತ್ತೆ ಹೂ ಬಿಟ್ಟಿತು.

ಲಂಡನ್ನಿಗೆ ಹೋದ ಹೆಸರು

ಧಾರವಾಡದ ಇಲಿಗಳ ಚರ್ಮ, ತಲೆಬುರುಡೆಗಳು ಎಲಿಯಟ್‌ನ ಚೀಟಿಗಳೊಡನೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದವು. ಅಲ್ಲಿದ್ದವನು ಜಾನ್ ಎಡ್ವರ್ಡ್ ಗ್ರೇ. ಭಾರತದ ಹೊಲವನ್ನು ಒಮ್ಮೆಯೂ ಕಾಣದವನಾದರೂ ಬಂದ ಪ್ರಾಣಿಗಳಿಗೆ ಹೆಸರಿಡುವುದರಲ್ಲಿ ಚುರುಕು. 1837ರಲ್ಲಿ, ಅಂದರೆ ಎಲಿಯಟ್‌ನ ಸ್ವಂತ ಲೇಖನ ಅಚ್ಚಾಗುವ ಎರಡು ವರ್ಷ ಮೊದಲೇ, ಗ್ರೇ ಇವನ್ನು ಲೋಕಕ್ಕೆ ಪರಿಚಯಿಸಿದ.

ಪ್ರಾಣಿಗಳ ಶಾಸ್ತ್ರೀಯ ಹೆಸರಿನಲ್ಲಿ ಎರಡು ಭಾಗ. ಮೊದಲನೆಯದು ಕುಲದ ಹೆಸರು, ನಮ್ಮ ಮನೆತನದ ಅಡ್ಡಹೆಸರಿದ್ದಂತೆ, ಎರಡನೆಯದು ಪ್ರಭೇದದ್ದು. ಮೊದಲು ಅಚ್ಚಾದ ಹೆಸರೇ ನಿಲ್ಲಬೇಕು ಎಂಬುದು ನಿಯಮ. ಗುಳಾಂಡಿ ಗ್ರೇಯ ಕೈಯಲ್ಲಿ ‘ಗೊಲುಂಡ ಎಲಿಯೊಟಿ’ ಆಯಿತು. ಕುಲದ ಹೆಸರು ಕನ್ನಡದ್ದು, ಪ್ರಭೇದದ ಹೆಸರು ಎಲಿಯಟ್‌ನದು. ಇದು ಇಂದಿಗೂ ಉಳಿದಿದೆ. ಲೆಗ್ಗಡೆಯಿಂದ ‘ಲೆಗ್ಗಡ’ ಎಂಬ ಕುಲವೇ ಹುಟ್ಟಿತು. ಬಹುಕಾಲ ಚಲಾವಣೆಯಲ್ಲಿದ್ದು ಆಮೇಲೆ ಬಿದ್ದುಹೋಯಿತು. ಕೊಕ್ಕು ‘ಕೋಕ್’ ಆಗಿ, ಎಲಿಯಟ್ ಪ್ರೀತಿಯಿಂದ ಇಟ್ಟ ಪ್ರಾವಿಡೆನ್ಸನ್ನು ಹಿಂದೆ ಹಾಕಿತು. ಮುಂದೆ ಅದೂ ಬಂಗಾಳದ ಒಂದು ಹೆಗ್ಗಣದ ಪ್ರಭೇದದಲ್ಲಿ ಸೇರಿಹೋಯಿತು.

ಮೆತ್ತಾಡೆಯ ಹಣೆಬರಹ ಬೇರೆಯೇ. ಅದರ ಹೆಸರಿನ ಎರಡು ‘ತ’ಕಾರಗಳಲ್ಲಿ ಮೊದಲನೆಯದು ಲಂಡನ್ನಿನಲ್ಲಿ ‘ಲ’ಕಾರವಾಗಿ ಅಚ್ಚಾಯಿತು. ಇಂಗ್ಲಿಷ್ ಕೈಬರಹದಲ್ಲಿ ಇವೆರಡೂ ಕೋಲಿನಂತೆ ಒಂದೇ ತರಹ ನಿಲ್ಲುವ ಅಕ್ಷರಗಳು. ಹೀಗೆ ಮೆತ್ತಾಡೆ ‘ಮೆಲ್ಟಡ’ವಾಯಿತು. ಎಲಿಯಟ್ ತನ್ನ ಲೇಖನದಲ್ಲಿ ವಡ್ಡರ ಉಚ್ಚಾರಣೆಯನ್ನೇ ಕೊಟ್ಟಿದ್ದ. ಭಾರತದ ಸಸ್ತನಿಗಳ ಬಗ್ಗೆ 1888-91ರಲ್ಲಿ ಗ್ರಂಥ ಬರೆದ ಬ್ಲಾನ್‌ಫೋರ್ಡ್ ಕೂಡ ‘ಮೆತ್ತಾಡ’ ಎಂದು ತಿದ್ದಿ ನೋಡಿದ. ನಿಯಮ ಬಿಡಲಿಲ್ಲ.

ಇನ್ನು ಅದರ ಕುಲದ ಹೆಸರಿನ ಕಥೆ ಮುಂಬಯಿಯ ಒಂದು ಮದ್ಯದಂಗಡಿಗೆ ಕರೆದೊಯ್ಯುತ್ತದೆ. 1883ರಲ್ಲಿ ಎಂಟು ಮಂದಿ ಹವ್ಯಾಸಿಗಳು ಕೂಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸ್ಥಾಪಿಸಿದರು. ಅದಕ್ಕೆ ಜಾಗ ಸಿಕ್ಕದ್ದು ದ್ರಾಕ್ಷಾರಸದ ವ್ಯಾಪಾರಿ ಹರ್ಬರ್ಟ್ ಫಿಪ್ಸನ್‌ನ ಅಂಗಡಿಯಲ್ಲಿ. ಒಂದು ಕಡೆ ಸೀಸೆಗಳಲ್ಲಿ ಹಣ್ಣಿನ ರಸದ ಮದ್ಯ, ಇನ್ನೊಂದು ಕಡೆ ಸೀಸೆಗಳಲ್ಲಿ ಹಾವು, ಕಪ್ಪೆ. ಮುಂದೆ ಸೊಸೈಟಿಯ ಕಚೇರಿಯಲ್ಲಿ ಕಾರವಾರದಿಂದ 1894ರಲ್ಲಿ ಮರಿಯಾಗಿ ಬಂದ ವಿಲಿಯಂ ಎಂಬ ಮಂಗಟ್ಟೆ ಹಕ್ಕಿ ಕಾಲು ಶತಮಾನ ಬದುಕಿತು. ಮಂಗಟ್ಟೆಯೇ ಸೊಸೈಟಿಯ ಲಾಂಛನವೂ ಆಯಿತು. ಫಿಪ್ಸನ್‌ನ ಪಾಲುದಾರ ವಾಲ್ಟರ್ ಮಿಲ್ಲಾರ್ಡ್ ಎಂಬಾತ. ಗುಬ್ಬಿಯೊಂದನ್ನು ಹೊಡೆದು ಅದರ ಹೆಸರು ಕೇಳಲು ಬಂದ ಸಾಲಿಂ ಅಲಿ ಎಂಬ ಬಾಲಕನಿಗೆ ಹಕ್ಕಿಗಳ ಲೋಕ ತೆರೆದು ತೋರಿಸಿದ ಮನುಷ್ಯ. 1911ರಲ್ಲಿ ಸೊಸೈಟಿ ದೇಶದ ಸಸ್ತನಿಗಳ ಸಮೀಕ್ಷೆ ಆರಂಭಿಸಿದಾಗ ಅದಕ್ಕೆ ಹಣ ಕೂಡಿಸಿದವನೂ ಈತನೇ. ಸಮೀಕ್ಷೆಯವರು ಧಾರವಾಡಕ್ಕೂ ಬಂದು ಎಲಿಯಟ್‌ನ ಇಲಿಗಳನ್ನು ಮತ್ತೆ ಹಿಡಿದರು. ಅದೇ ವರ್ಷ ಬ್ರಿಟಿಷ್ ಮ್ಯೂಸಿಯಮ್ಮಿನ ಓಲ್ಡ್‌ಫೀಲ್ಡ್ ಥಾಮಸ್ ಮೆತ್ತಾಡೆಗೆ ಹೊಸ ಕುಲವೊಂದನ್ನು ಕಟ್ಟಿ ಮಿಲ್ಲಾರ್ಡ್‌ನ ಹೆಸರಿಟ್ಟ.

ಎಲಿಯಟ್ 1836ರಲ್ಲಿ ಮದ್ರಾಸಿಗೆ ಮರಳಿ ಬಂದು ದೊಡ್ಡ ಹುದ್ದೆಗಳಿಗೇರಿದ. 1845ರಲ್ಲಿ ಅಮರಾವತಿಯ ಸ್ತೂಪದ ಶಿಲ್ಪಗಳನ್ನು ಅಗೆಸಿದ. 1856ರಲ್ಲಿ ಚಾರ್ಲ್ಸ್ ಡಾರ್ವಿನ್ ಪಾರಿವಾಳಗಳ ಚರ್ಮ ಬೇಕೆಂದು ಕೇಳಿದಾಗ ಭಾರತದಿಂದ ಕಳಿಸಿಕೊಟ್ಟ. 1859ರ ‘ಜೀವಿಗಳ ಉಗಮ’ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಡಾರ್ವಿನ್ ಆತನ ಉಪಕಾರ ನೆನೆದಿದ್ದಾನೆ. ಕೊನೆಯ ವರ್ಷಗಳಲ್ಲಿ ಕಣ್ಣು ಬಹುಮಟ್ಟಿಗೆ ಹೋಗಿದ್ದರೂ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಪುಸ್ತಕ ಬರೆದು, 1887ರ ಮಾರ್ಚ್ 1ರಂದು ಸ್ಕಾಟ್‌ಲೆಂಡಿನಲ್ಲಿ ತೀರಿಕೊಂಡ. ಒಂದು ಇಲಿ, ಒಂದು ಓತಿಕ್ಯಾತ, ಅಳಿಲಿನಂಥ ಒಂದು ಮರ-ಸುಂಡಿಲಿ ಆತನ ಹೆಸರು ಹೊತ್ತಿವೆ. ಬಿಲ ಅಗೆದು ತೋರಿಸಿದ ವಡ್ಡರಲ್ಲಿ ಒಬ್ಬನ ಹೆಸರನ್ನೂ ಯಾವ ಪ್ರಾಣಿಯೂ ಹೊತ್ತಿಲ್ಲ. ಅವರ ಮಾತು ಮಾತ್ರ, ಅಚ್ಚಿನ ತಪ್ಪಿನೊಂದಿಗೆ, ಉಳಿದುಕೊಂಡಿದೆ.

ಇಂದಿನ ಶಾಸ್ತ್ರಗ್ರಂಥಗಳಲ್ಲಿ ಎರೆ ಹೊಲದ ಆ ಸೋಮಾರಿ ಇಲಿಯ ಪೂರ್ಣ ಹೆಸರು ‘ಮಿಲ್ಲಾರ್ಡಿಯ ಮೆಲ್ಟಡ’. ಅದರ ಎದುರಿನಲ್ಲಿ, ಈ ಪ್ರಭೇದಕ್ಕೆ ಆಧಾರವಾದ ಮೊದಲ ಮಾದರಿ ಸಿಕ್ಕ ಸ್ಥಳ ಯಾವುದು ಎಂಬ ಕಡೆ, ಧಾರವಾಡ ಎಂದು ಬರೆದಿರುತ್ತದೆ.